ಮುರಿದ ಕಾಲಿಗೆ ಪಿಂಚಣಿ ಬಂತು: ಒಬ್ಬ ಬೇಲಿಫ್‌ನ ಅನುಭವ

ನಾನು ಗೋವೆಯ ಕೋರ್ಟಿನಲ್ಲಿ ಬೇಲಿಫ್ ಆಗಿದ್ದವನು, ಕೋರ್ಟಿನ ಆದೇಶ ಜಾರಿ ಮಾಡೋ ನೌಕರ. ಮೊನ್ನೆ ವಾಸ್ಕೋದ ಮೀನು ಮಾರ್ಕೆಟ್ ಹತ್ತಿರ ನಮ್ಮ ಹಳೆಯ ನಾಜಿರ್ ಸಾಹೇಬರು, ಅಂದರೆ ಬೇಲಿಫ್‌ಗಳ ಮೇಲಧಿಕಾರಿ, ಸಿಕ್ಕಿದ್ದರು. "ಏನ್ರೀ, ಪಿಂಚಣಿ ಖರೇನ ಕೊಟ್ರೇನು?" ಅಂತ ಕೇಳಿದರು. ಕೊಟ್ಟರು. ತಿಂಗಳು ತಪ್ಪದೆ ಬರುತ್ತಿದೆ. ಇದೇ ಸಾಹೇಬರು 2015ರಲ್ಲಿ, "ಸುಮ್ನೆ ಸ್ವಯಂ ನಿವೃತ್ತಿ ಬರ್ದ್ಕೊಟ್ಟು ಮನೀಗೆ ಹೋಗ್ರಿ, ಬೇಲಿಫ್‌ಗೆ ಅಂಗವೈಕಲ್ಯ ಪಿಂಚಣಿ ಬಂದದ್ದು ನಾ ಅಂತೂ ಕಂಡಿಲ್ಲ" ಅಂದಿದ್ದರು. ಈಗ ಕಂಡರಲ್ಲ, ಅಷ್ಟು ಸಾಕು ನನಗೆ.

ಆಗಿದ್ದು 2013ರ ಆಗಸ್ಟ್‌ನಲ್ಲಿ. ಮಡಗಾಂವ್ ಹತ್ತಿರದ ಒಂದು ಹಳ್ಳಿಯಲ್ಲಿ ಮನೆಯ ಕಬ್ಜಾ ಕೊಡಿಸುವ ವಾರಂಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 21, ರೂಲ್ 35ರದ್ದು. ಬಂದೋಬಸ್ತ್‌ಗೆ ಬಂದವರು ಇಬ್ಬರೇ ಪೊಲೀಸರು. ಮಳೆಗೆ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು, ಮೇಲಿಂದ ಒಬ್ಬ ನೂಕಿದ. ಸೊಂಟದ ಕೀಲು ಮುರಿಯಿತು, ಬಲಗಾಲಿನ ನರ ಹೋಯಿತು. ಇವತ್ತಿಗೂ ಪಾದ ಮೇಲೆತ್ತಲು ಆಗಲ್ಲ. ಚಪ್ಪಲಿ ಕಾಲಿನಿಂದ ಜಾರಿ ಹೋದರೂ ನಾಲ್ಕು ಹೆಜ್ಜೆ ಆದ ಮೇಲೆ ಗೊತ್ತಾಗುತ್ತೆ.

ಆ ದಿನ ಒಂದು ಕೆಲಸ ಮಾತ್ರ ಸರಿಯಾಗಿ ಆಗಿತ್ತು. ಅದೂ ನನ್ನ ಜಾಣತನ ಅಲ್ಲ. ಜೊತೆಗೆ ಬಂದಿದ್ದ ಇನ್ನೊಬ್ಬ ಬೇಲಿಫ್ ವಾರಂಟ್‌ನ ಹಿಂಬದಿಯಲ್ಲಿ ನಡೆದದ್ದೆಲ್ಲ ಶರಾ (ಟಿಪ್ಪಣಿ) ಬರೆದು, ಪಂಚರ ಸಹಿ ಹಾಕಿಸಿ, ಸಂಜೆಯೊಳಗೆ ಕೋರ್ಟಿಗೆ ಹಾಜರು ಮಾಡಿದ್ದ. ಐದು ವರ್ಷ ಆದ ಮೇಲೆ ನನ್ನ ಪಿಂಚಣಿ ನಿಂತಿದ್ದು ಆ ಆರು ಸಾಲಿನ ಮೇಲೆ.

ಇನ್ನು ನನ್ನ ತಪ್ಪುಗಳು. ಮೊದಲನೇದು, ಆಸ್ಪತ್ರೆಯಿಂದಲೇ ಗಳಿಕೆ ರಜೆಗೆ ಅರ್ಜಿ ಕಳಿಸಿದೆ. ಸುಮಾರು 140 ದಿನ ಹೋಯಿತು. ಡ್ಯೂಟಿಯಲ್ಲಿ ಪೆಟ್ಟಾದರೆ ವಿಶೇಷ ಅಂಗವೈಕಲ್ಯ ರಜೆ ಅಂತ ಬೇರೇನೇ ಇತ್ತು, 24 ತಿಂಗಳವರೆಗೆ, ಮೊದಲ 120 ದಿನ ಪೂರ್ತಿ ಸಂಬಳ, ಆಮೇಲೆ ಅರ್ಧ, ಮತ್ತು ಅದು ನಮ್ಮ ರಜೆ ಖಾತೆಯಿಂದ ಕಡಿತ ಆಗುತ್ತಿರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಆ 140 ದಿನ ವಾಪಸ್ ಬರೆಸಿಕೊಳ್ಳಲು ಒಂದೂವರೆ ವರ್ಷ ಓಡಾಡಿದೆ. ನಿವೃತ್ತಿಯಲ್ಲಿ ರಜೆ ನಗದು ಮಾಡಿಸಿದಾಗ ಅದರಿಂದಲೇ 1,80,000ದ ಹತ್ತಿರ ಬಂತು, ಓಡಾಡಿದ್ದಕ್ಕೆ ಮೋಸ ಇಲ್ಲ.

ಎರಡನೇದು, ಒಬ್ಬ ವಕೀಲರಿಗೆ 15,000 ಕೊಟ್ಟೆ. ಅವರೂ ಸ್ವಯಂ ನಿವೃತ್ತಿ ಪತ್ರವನ್ನೇ ಟೈಪ್ ಮಾಡಿಸಿ ಕೊಟ್ಟರು! ಅದಕ್ಕೆ ಸಹಿ ಹಾಕಿದ್ದರೆ ಮಾಮೂಲಿ ಪಿಂಚಣಿ ಅಷ್ಟೇ, ಪೆಟ್ಟಿನ ಲೆಕ್ಕ ಅಲ್ಲಿಗೇ ಮುಗೀತು. ಹೆಂಡತಿ "ನಾಳೆ ಹಾಕಿದರಾಯ್ತು" ಅಂದು ಪೆನ್ನು ಕಸಿದುಕೊಂಡಳು. ಮಧ್ಯೆ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೂ ಒಂದು ಅರ್ಜಿ ಹಾಕಿ ನೋಡಿದೆ, ಕೋರ್ಟ್ ಸಿಬ್ಬಂದಿ ಅದರಲ್ಲಿ ಬರಲ್ಲ ಅಂತ ವಾಪಸ್ ಬಂತು. ನೀವು ಆ ಕಡೆ ಹೋಗಬೇಡಿ.

ರಜೆ ಮುಗಿದ ಮೇಲೆ ಕೆಲಸ ಉಳಿಸಿಕೊಂಡಿದ್ದು 1995ರ ಅಂಗವಿಕಲರ ಕಾಯ್ದೆಯ ಸೆಕ್ಷನ್ 47ರಿಂದ (ಈಗ 2016ರ ಕಾಯ್ದೆಯ 20ನೇ ಸೆಕ್ಷನ್). ಸೇವೆಯಲ್ಲಿ ಅಂಗವಿಕಲನಾದವನನ್ನು ತೆಗೆಯೋ ಹಾಗಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಇದನ್ನೇ ಹೇಳಿದ ಸುಪ್ರೀಂ ಕೋರ್ಟಿನ 2003ರ ಕುನಾಲ್ ಸಿಂಗ್ ತೀರ್ಪಿನ ಝೆರಾಕ್ಸ್ ಹಚ್ಚಿ ಕೊಟ್ಟೆ, ನಕಲು ವಿಭಾಗಕ್ಕೆ ಹಾಕಿದರು. ಆದರೆ ಅದು ಎರಡನೇ ಮಹಡಿ, ಲಿಫ್ಟ್ ಇಲ್ಲ! ಕೆಳಗೆ ತರಿಸಲು ಇನ್ನೊಂದು ಆರು ಪತ್ರ. ನಿಜ ಹೇಳ್ತೀನಿ, ಕೂತು ಕೆಲಸ ಮಾಡಲು ಆಗುವವರು ಬಿಡಲೇಬೇಡಿ, ಪಿಂಚಣಿಗಿಂತ ಸಂಬಳವೇ ಜಾಸ್ತಿ. ನನಗೆ ಅರ್ಧ ಗಂಟೆ ಕೂತರೆ ಸೊಂಟದಿಂದ ಹಿಮ್ಮಡಿವರೆಗೆ ಬೆಂಕಿ. 2017ರಲ್ಲಿ ಅನಾರೋಗ್ಯದ ನಿವೃತ್ತಿಗಾಗಿ ನಾನೇ ಮೆಡಿಕಲ್ ಬೋರ್ಡ್ ಪರೀಕ್ಷೆ ಕೇಳಿದೆ.

ಅಲ್ಲೂ ಎಡವಿದೆ. ಬರೀ ಎಕ್ಸ್‌ರೇ ಹಿಡಿದುಕೊಂಡು ಹೋದೆ. ಬೋರ್ಡ್‌ನವರು "ಸವೆತ" ಅಂತ ಬರೆದು 45 ಪರ್ಸೆಂಟ್ ಅಂಗವೈಕಲ್ಯ ಹಾಕಿದರು. ಸವೆತ ಅಂದರೆ ವಯಸ್ಸಿನದ್ದು, ಡ್ಯೂಟಿಯದ್ದಲ್ಲ. ಆಗ ತಲೆಗೆ ಹೋಯಿತು. ಎಷ್ಟು ಅನ್ನೋದು ಡಾಕ್ಟರ್ ಅಳೀತಾರೆ, ಯಾಕೆ ಅನ್ನೋದಕ್ಕೆ ಕಾಗದ ನಮ್ಮ ಆಫೀಸಿನಿಂದಲೇ ಹೋಗಬೇಕು, ಅದೂ ಬೋರ್ಡ್‌ಗಿಂತ ಮೊದಲೇ. ಗೋವೆಯಲ್ಲಿ ಪಿಂಚಣಿಗೆ ಕೇಂದ್ರದ ನಿಯಮಗಳೇ. ಡ್ಯೂಟಿಯಿಂದಾಗಿ ಅಂಗವಿಕಲರಾದವರಿಗೆ ಸಿಗೋ ಅಸಾಧಾರಣ ಪಿಂಚಣಿಯಲ್ಲಿ ಎ ಇಂದ ಇ ವರೆಗೆ ವರ್ಗ ಇದೆ, ಕರ್ತವ್ಯ ಮಾಡುವಾಗ ಆದ ಅಪಘಾತ ಸಿ. "ಇದು ಸಿ" ಅಂತ ಕೋರ್ಟಿನಿಂದಲೇ ಬರೆಸಿಕೊಳ್ಳಬೇಕು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ವಾರಂಟ್‌ನ ಶರಾ, ಬೇಲಿಫ್ ರಿಜಿಸ್ಟರ್‌ನ ಆ ದಿನದ ಪುಟ, ಪೊಲೀಸ್ ಠಾಣೆಯ ನಮೂದು, ಎಲ್ಲದರ ದೃಢೀಕೃತ ನಕಲು ತೆಗೆಸಿದೆ. ಆಸ್ಪತ್ರೆಯ ಮೊದಲ ದಿನದ ಚೀಟಿಯಲ್ಲಿ "ಬಿದ್ದು ಪೆಟ್ಟು" ಅಂತಷ್ಟೇ ಇತ್ತು, ನೂಕಿದ್ದು ಇಲ್ಲ. ಅದನ್ನು ಹೇಗೆ ಜೋಡಿಸಿದೆ, ಕೋರ್ಟಿಗೆ ಕೊಟ್ಟ ಪತ್ರದ ಒಕ್ಕಣೆ ಏನು ಅನ್ನೋದನ್ನು ಇಲ್ಲಿ ಹಾಕಲ್ಲ. ನಮ್ಮ ಕೋರ್ಟಿನವರು ವಾಸ್ಕೋದ ಬೈನಾ ಕಡೆ ಬಂದರೆ ಚಹಾ ಕುಡಿಯುತ್ತಾ ತೋರಿಸ್ತೀನಿ.

ಮರುಪರೀಕ್ಷೆಯಲ್ಲಿ 55 ಬಂತು. 45ಕ್ಕೂ 55ಕ್ಕೂ ಏನು ಮಹಾ ಅಂತೀರಾ? 50ಕ್ಕಿಂತ ಕಡಿಮೆ ಇದ್ದರೆ 50 ಅಂತ ಹಿಡೀತಾರೆ, 50ರಿಂದ 75ರೊಳಗೆ ಇದ್ದರೆ 75. ಪೂರ್ತಿ 100ಕ್ಕೆ ಮೂಲ ವೇತನದ 30 ಪರ್ಸೆಂಟ್. ನನ್ನ ಮೂಲ ವೇತನ ಹತ್ತಿರ ಹತ್ತಿರ 36,000 ಇತ್ತು. ಸೇವೆಯ ಭಾಗ 18,000, ಅಂಗವೈಕಲ್ಯದ ಭಾಗ 5,400 ಆಗೋದು 8,100 ಆಯಿತು. ಅದರ ಮೇಲೆ ತುಟ್ಟಿಭತ್ಯೆ. ತಿಂಗಳಿಗೆ 2,700 ಹೆಚ್ಚು, ಜೀವ ಇರೋವರೆಗೆ. ನಾನು 1996ರಲ್ಲಿ ಸೇರಿದವನು, ಹಳೆ ಪಿಂಚಣಿಯವನು. ಎನ್‌ಪಿಎಸ್, ಅಂದರೆ ಹೊಸ ಪಿಂಚಣಿಯವರ ದಾರಿ ಬೇರೆ, ಅದಕ್ಕೆ ನಾನು ಬಾಯಿ ಹಾಕಲ್ಲ.

ಇನ್ನೊಂದು ಹುಚ್ಚು ಪ್ರಯೋಗ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಗೆ 4,000 ಕೊಟ್ಟೆ, ಗೋವೆಯ ಸೆಕೆಗೆ ಒಳಗೆಲ್ಲ ಗುಳ್ಳೆ. ಮಾಪ್ಸಾದ ಸಂತೆಯಲ್ಲಿ ನಮ್ಮ ಬಿಜಾಪುರ ಕಡೆಯ ಚಪ್ಪಲಿ ಹೊಲಿಯುವ ಕಾಕಾ ಒಬ್ಬರು ತೂತು ಹೊಡೆದು, ಒಳಗೆ ಕಂಬಳಿ ತುಂಡು ಅಂಟಿಸಿ 150ಕ್ಕೆ ಸರಿ ಮಾಡಿಕೊಟ್ಟರು. ಮೂರು ಮಳೆಗಾಲ ಬಾಳಿತು. ಹಾಗೇ, 40 ಪರ್ಸೆಂಟ್ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಆಗಿನ ಆದಾಯ ತೆರಿಗೆ ಕಾಯ್ದೆಯ 80ಯು ಸೆಕ್ಷನ್ ಅಡಿಯಲ್ಲಿ ಆದಾಯದಿಂದ 75,000 ಕಡಿತ ಇತ್ತು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಎರಡು ವರ್ಷದ ತೆರಿಗೆ ಕಟ್ಟಿ ಆಗಿತ್ತು.

ಒಟ್ಟು ಖರ್ಚು, ವಕೀಲರದ್ದೂ ಸೇರಿ, 30,000 ದಾಟಿಲ್ಲ. ವಕೀಲರದ್ದು ಬಿಟ್ಟರೆ ಜಾಸ್ತಿ ಹೋಗಿದ್ದು ಪಣಜಿಗೆ ಓಡಾಡಿದ್ದಕ್ಕೆ, ಬಸ್ಸಿನ ಮೆಟ್ಟಿಲು ಹತ್ತಲಾಗದೆ ಪ್ರತಿ ಸಲ ರಿಕ್ಷಾ. ಆದೇಶ ಕೈಗೆ ಬಂದಿದ್ದು 2018ರ ಕೊನೆಗೆ. ಪಿಂಚಣಿ ಕಮ್ಯೂಟ್ ಮಾಡಲು, ಅಂದರೆ ಒಂದು ಭಾಗ ಒಟ್ಟಿಗೇ ತಗೊಳ್ಳಲು, ಅನಾರೋಗ್ಯದ ನಿವೃತ್ತಿಯವರಿಗೆ ಇನ್ನೊಂದು ವೈದ್ಯಕೀಯ ಪರೀಕ್ಷೆ ಬೇಕು ಅಂದರು. ಮತ್ತೆ ಅದೇ ಬೆಂಚು, ಅದೇ ಎಕ್ಸ್‌ರೇ. ಬೇಡ ಅಂತ ಬರೆದುಕೊಟ್ಟು ಮನೆಗೆ ಬಂದೆ.