ವಿಂಗಡಣೆಯ ಮೇಜಿನ ಮೇಲೆಯೇ ಪ್ರಮಾಣಪತ್ರ: ನನ್ನ ಅನುಭವ

ಕಾರವಾರದ ನನ್ನ ಗುಜರಿ ಗೋದಾಮಿನಲ್ಲಿ ವಿಂಗಡಣೆ ಮಾಡುವ 11 ಮಂದಿಗೆ ಸ್ಕಿಲ್ ಕೌನ್ಸಿಲ್ ಫಾರ್ ಗ್ರೀನ್ ಜಾಬ್ಸ್ ರೂಪಿಸಿದ ಮರುಬಳಕೆ ತ್ಯಾಜ್ಯ ಸಂಗ್ರಾಹಕ ಮತ್ತು ವಿಂಗಡಕರ ಪ್ರಮಾಣಪತ್ರ ಕೊಡಿಸುತ್ತೇನೆ ಎಂದಾಗ, ಅಂಕೋಲಾ, ಕುಮಟಾದ ವ್ಯಾಪಾರಿ ಮಿತ್ರರು ಕಾಗದದಿಂದ ಕಿಲೋ ದರ ಏರುವುದಿಲ್ಲ ಎಂದು ಬುದ್ಧಿ ಹೇಳಿದ್ದರು. ಈಗ 10 ಮಂದಿಯ ಕೈಯಲ್ಲಿ ಪ್ರಮಾಣಪತ್ರವಿದೆ, ದರವೂ ಏರಿದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಪೂರ್ತಿ ಸೋತಿತು. ಹೊರಗಿನಿಂದ ತರಬೇತುದಾರರೊಬ್ಬರನ್ನು ಕರೆಸಿ, ಸಭಾಂಗಣ ಬಾಡಿಗೆಗೆ ಹಿಡಿದು, ದಿನಗೂಲಿ ಕೊಟ್ಟೇ ಎಲ್ಲರನ್ನೂ ಕೂರಿಸಿದೆ. ಪಾಠವೆಲ್ಲ ಹಿಂದಿ, ಇಂಗ್ಲಿಷಿನ ಸ್ಲೈಡುಗಳಲ್ಲಿ ನಡೆಯಿತು. ನನ್ನ ನೆನಪಿನಂತೆ 38,000 ರೂಪಾಯಿ ಖರ್ಚಾಯಿತು, ತೇರ್ಗಡೆಯಾದವರು 3 ಮಂದಿ. ಅದರ ಜೊತೆಗೆ, ಗಾಂವಕರ ಎಂಬ ಅಡ್ಡಹೆಸರು ಆಧಾರಿನಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಇನ್ನೊಂದು ರೀತಿ ಇದ್ದುದರಿಂದ 2 ಅರ್ಜಿಗಳು ಹಿಂದೆ ಬಂದವು. ಆರ್‌ಪಿಎಲ್‌ಗೆ (ಕೆಲಸದಲ್ಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ) ಹೆಸರು ಕೊಡುವವರು ಮೊದಲು ಇದನ್ನು ಸರಿಪಡಿಸಿಕೊಳ್ಳಿ, ತಿದ್ದುಪಡಿಗೇ ನನಗೆ ತಿಂಗಳು ಹಿಡಿಯಿತು.

ಸೋಲಿನ ಕಾರಣ ನನಗೆ ತಡವಾಗಿ ಹೊಳೆಯಿತು. ನಮ್ಮ ಹೆಂಗಸರು ಫುಗ್ಗಾ, ಕಡಕ್, ಎಲ್‌ಡಿ ಎಂದು ಪ್ಲಾಸ್ಟಿಕ್ಕಿನ ಬಗೆಗಳನ್ನು ಗುಜರಿಯ ಹೆಸರಿನಲ್ಲೇ ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲರು, ಆದರೆ ಪರೀಕ್ಷಕರು ಪ್ಲಾಸ್ಟಿಕ್ಕಿನ ಬಗೆ ತಿಳಿಸಲು ವಸ್ತುವಿನ ಮೇಲೆ ಅಚ್ಚೊತ್ತಿದ ತ್ರಿಕೋನದೊಳಗಿನ 1ರಿಂದ 7ರ ಅಂಕಿಯನ್ನು ಕೇಳುತ್ತಾರೆ. ಇವರಿಗೆ ಗೊತ್ತಿದ್ದ ವಿಷಯವನ್ನೇ ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದಂತಾಗಿತ್ತು. ಎರಡನೆಯ ಸಲ ನಾನು ಸಭಾಂಗಣ ಬಿಟ್ಟು ವಿಂಗಡಣೆಯ ಮೇಜಿನ ಮೇಲೆಯೇ ಪಾಠ ಮಾಡಿದೆ. ಪ್ರತಿ ಚೀಲಕ್ಕೂ ನಮ್ಮ ಹೆಸರು, ಅಂಕಿ, ಪರೀಕ್ಷೆಯಲ್ಲಿ ಕೇಳುವ ಹೆಸರು ಮೂರನ್ನೂ ಕನ್ನಡದಲ್ಲಿ ಬರೆದು ಕಟ್ಟಿ, ಚೀಲ ಎತ್ತುವ ಮೊದಲು ಮೂರನ್ನೂ ಗಟ್ಟಿಯಾಗಿ ಹೇಳಬೇಕೆಂದು ನಿಯಮ ಮಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿದ್ದು, ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಬಲೆ ದುರಸ್ತಿಯಾಗಿ ಹಳೆಯ ಬಲೆ ನಮ್ಮಲ್ಲಿಗೆ ಬರುವ ಕಾಲವಾದ್ದರಿಂದ, ಅದನ್ನೇ ಪಠ್ಯವಾಗಿಟ್ಟುಕೊಂಡೆವು.

ನೀರಿನ ಡ್ರಮ್ಮಿನಲ್ಲಿ ಎಚ್‌ಡಿ (ಡ್ರಮ್ಮು, ಬ್ಯಾರೆಲ್ ಮಾಡುವ ಗಟ್ಟಿ ಪಾಲಿಥೀನ್) ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ ಎಂಬುದು ನಮ್ಮ ವ್ಯಾಪಾರದವರಿಗೆ ತಿಳಿದದ್ದೇ. ಆದರೂ ಮೊದಲ ದಿನ ನೈಲಾನ್ ಬಲೆಯೇ ತೇಲಿ, ಎಲ್ಲರೂ ನನ್ನ ಮುಖ ನೋಡಿದರು. ಗಂಟುಗಳೊಳಗೆ ಗಾಳಿ ಸಿಕ್ಕಿಕೊಂಡಿತ್ತು. ಗೇಣುದ್ದ ಕತ್ತರಿಸಿ, ಮೊದಲೇ ನೆನೆಸಿಟ್ಟ ಮೇಲೆ ಸರಿಹೋಯಿತು. ಯಾವುದರಲ್ಲಿ, ಎಷ್ಟು ಹೊತ್ತು ನೆನೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ಎರಡು ಮಳೆಗಾಲ ಹೋಗಿದೆ. ಪಾಲಿಸ್ಟೈರೀನ್ ಲೋಟದ ಚೂರುಗಳನ್ನು ನೀರಿನ ಬಾಟಲಿಯ ಪೆಟ್‌ನಿಂದ ಬೇರ್ಪಡಿಸಲು ಸಮುದ್ರದ ನೀರು ಸಾಕೆಂದು ಆಸೆಪಟ್ಟು ಕೊಡಗಳಲ್ಲಿ ತರಿಸಿದ್ದೆ, ಎರಡೂ ಮುಳುಗಿದವು. ಸಾಣಿಕಟ್ಟೆಯ ಉಪ್ಪನ್ನು 100 ಲೀಟರಿಗೆ ಸುಮಾರು 10 ಕಿಲೋ ಕರಗಿಸಿದಾಗ ಲೋಟದ ಚೂರುಗಳು ಮೇಲೆದ್ದವು.

ಇನ್ನೊಂದು ಪ್ರಯೋಗ ನಮ್ಮನ್ನು ದಾರಿ ತಪ್ಪಿಸಿತು. ಕಾಯಿಸಿದ ತಾಮ್ರದ ತಂತಿಗೆ ಪಿವಿಸಿ ತಾಗಿಸಿ ಜ್ವಾಲೆಗೆ ಹಿಡಿದರೆ ಹಸಿರು ಬಣ್ಣ ಬರುತ್ತದೆ, ಇದನ್ನು ಬಯಲಿನಲ್ಲಿ, ಹೊಗೆ ಕುಡಿಯದಂತೆ ನಿಂತೇ ಮಾಡಬೇಕು. ಶಿರಸಿ ಕಡೆಯ ಅಡಿಕೆ ತೋಟದಿಂದ ಬಂದ ಹಳೆಯ ಬ್ಯಾರೆಲಿನ ಚೂರಿಗೂ ಹಸಿರು ಬಂದಾಗ, ಚೊಕ್ಕ ಎಚ್‌ಡಿಯನ್ನು ನಾವು ಪಿವಿಸಿ ರಾಶಿಗೆ ಎಸೆದಿದ್ದೆವು. ಕೊಳೆರೋಗದ ಔಷಧಿಗೆ ಮೈಲುತುತ್ತ ಮತ್ತು ಸುಣ್ಣ ಕದಡಿದ ಬ್ಯಾರೆಲ್ ಅದು, ಅಂಟಿದ್ದ ತಾಮ್ರವೇ ಹಸಿರಾಗಿತ್ತು. ಮೇಲ್ಮೈ ಕೆರೆದು ನೋಡಿದ ಮೇಲೆ ಗೊತ್ತಾಯಿತು. ಪರೀಕ್ಷೆಯಲ್ಲಿ ನಮ್ಮ ಒಬ್ಬ ಹೆಂಗಸು ಈ ಸಂಗತಿಯನ್ನು ತಾನಾಗಿ ಹೇಳಿದಾಗ ಪರೀಕ್ಷಕರು ಬರೆದುಕೊಂಡರು, ಅದು ನನಗೆ ಬಹಳ ಹೆಮ್ಮೆಯ ಗಳಿಗೆ.

ಎರಡನೆಯ ಸಲದ ಖರ್ಚು, ಉಪ್ಪು, ಡ್ರಮ್ಮು, ಕೈಗವಸು, ಮಧ್ಯಾಹ್ನದ ಎರಡು ಗಂಟೆಯ ಕೂಲಿ ಎಲ್ಲ ಸೇರಿ 14,000 ದಾಟಲಿಲ್ಲ. ಮಿಶ್ರ ಬಲೆಯನ್ನು ಕಿಲೋಗೆ 8–9 ರೂಪಾಯಿಗೆ ಮಾರುತ್ತಿದ್ದ ನನಗೆ, ವಿಂಗಡಿಸಿದ ನೈಲಾನಿಗೆ 30ರ ಆಸುಪಾಸು ಸಿಕ್ಕಿತು. ನೂರು ಕಿಲೋದಲ್ಲಿ 15 ಕಿಲೋ ತಿರಸ್ಕರಿಸುತ್ತಿದ್ದ ಖರೀದಿದಾರರು ಈಗ 3–4 ಕಿಲೋ ತೆಗೆಯುತ್ತಾರೆ. ಪ್ರಮಾಣಪತ್ರ ಪಡೆದವರ ದಿನಗೂಲಿಯನ್ನು 60 ರೂಪಾಯಿ ಏರಿಸಿದ್ದೇನೆ. ಬೈತಖೋಲಕ್ಕೆ ಬಲೆ ನೋಡಿ ದರ ಹೇಳಲು ಈಗ ನಾನು ಹೋಗುವುದಿಲ್ಲ, ಅವರಲ್ಲೇ ಇಬ್ಬರು ಹೋಗುತ್ತಾರೆ, ತೂಕದ ಚೀಟಿಗೆ ಅವರದೇ ಸಹಿ ಇರುತ್ತದೆ.