ಕಾಂಡ್ಲಾ ಕಾಡು ಬೆಳೆಸಲು ವಿದೇಶಕ್ಕೆ: ಸಸಿಗಿಂತ ಮೊದಲು ನೀರು ವಿಚಾರಿಸಿ

ಸಿಂಧನೂರು, ಗಂಗಾವತಿ ಕಡೆಯ ರೈತರ ಮಕ್ಕಳಿಗೆ ಸವಳು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಸಿದುಹೋಗಲು ದಾರಿಯಿಲ್ಲದೆ ನಿಂತ ಕಡೆ ಹೊಲ ಬೆಳ್ಳಗಾಗುವುದನ್ನು ಅವರು ನೋಡಿಯೇ ಬೆಳೆದಿರುತ್ತಾರೆ. ಕಡಲಂಚಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಮತ್ತೆ ಬೆಳೆಸುವ ಕೆಲಸಕ್ಕೂ ಮೊದಲು ಬೇಕಾಗುವುದು ಇದೇ ತಿಳಿವಳಿಕೆ. ನೀರು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ದಾರಿಯಲ್ಲಿ ಇಳಿಯುತ್ತದೆ? ಇಂಡೊನೇಷ್ಯಾಕ್ಕೋ ಕೆನ್ಯಾಕ್ಕೋ ಸ್ವಯಂಸೇವಕರಾಗಿ ಹೋಗಬೇಕೆನ್ನುವ ನಮ್ಮ ಭಾಗದ ಯುವಕ ಯುವತಿಯರು ‘ಎಷ್ಟು ಸಸಿ ನೆಡಿಸುತ್ತಾರೆ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಹೊರಡುವುದು ಒಳ್ಳೆಯದು.

ಮೊದಲು ನಮ್ಮದೇ ಕರಾವಳಿ

ವಿಮಾನದ ಟಿಕೆಟ್ ನೋಡುವ ಮುನ್ನ ಕುಮಟಾ, ಹೊನ್ನಾವರ ನೋಡಿ. ಬಳ್ಳಾರಿ ಅಥವಾ ಕೊಪ್ಪಳದಿಂದ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದರಾಯಿತು. ಒಂದು ಕಾಲದಲ್ಲಿ ನಮ್ಮ ಅದಿರು ಹೊತ್ತ ಲಾರಿಗಳು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಹೋದದ್ದೂ ಇದೇ ದಿಕ್ಕಿಗೆ. ಈಗ ಬೇರೆ ಕೆಲಸಕ್ಕೆ ಅತ್ತ ಹೋಗುವುದರಲ್ಲಿ ತಪ್ಪೇನಿಲ್ಲ. 2024ರಲ್ಲಿ ಕುಮಟಾ ಬಳಿಯ ಅಘನಾಶಿನಿ ಅಳಿವೆ ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಅದೇ ವರ್ಷ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಪಕ್ಷಿ ತಾಣವೂ ಆ ಪಟ್ಟಿ ಸೇರಿತು. ಅಳಿವೆಯ ದಂಡೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯಿದೆ. ಅಲ್ಲಿನ ಕಟ್ಟೆ, ತೂಬುಗಳನ್ನು ನೋಡಿಕೊಂಡವರಿಗೆ ಮುಂದೆ ಯಾವ ದೇಶದ ಕೆಸರೂ ಪೂರ್ತಿ ಹೊಸದೆನಿಸುವುದಿಲ್ಲ. ಒಂದೆರಡು ದಿನ ಕೆಸರಿನಲ್ಲಿ ನಡೆದು, ಸೊಳ್ಳೆ ಮತ್ತು ಬೆವರು ಸಹಿಸಿ ನೋಡಿ. ರಾಯಚೂರಿನ ಒಣ ಬಿಸಿಲಿಗೆ ಒಗ್ಗಿದ ಮೈಗೂ ಕರಾವಳಿಯ ಸೆಕೆ ಬೇರೆಯದೇ ಪರೀಕ್ಷೆ.

ಯೋಜನೆ ಆರಿಸುವ ಬಗೆ

ಇಲ್ಲಿ ಅವಸರ ಬೇಡ. ಸ್ವಯಂಸೇವೆಯ ಹೆಸರಿನಲ್ಲಿ ದೊಡ್ಡ ಶುಲ್ಕ ಪಡೆದು, ನಾಲ್ಕು ಸಸಿ ನೆಡಿಸಿ, ಫೋಟೊ ತೆಗೆಸಿ ಕಳುಹಿಸುವ ವ್ಯವಹಾರವೂ ಇದೆ. ಫಿಲಿಪೀನ್ಸ್‌ನಲ್ಲಿ ಹಲವು ವರ್ಷ ದೊಡ್ಡ ಪ್ರಮಾಣದಲ್ಲಿ ನೆಟ್ಟ ಸಸಿಗಳಲ್ಲಿ ಬಹುಪಾಲು ಸತ್ತವು. ಸುಲಭವಾಗಿ ಸಿಕ್ಕಿತೆಂದು ತಗ್ಗಿನ ಕೆಸರು ಬಯಲಿನಲ್ಲಿ ನೆಟ್ಟಿದ್ದೇ ಕಾರಣ. ಅಲ್ಲಿ ನೀರು ಬಹಳ ಹೊತ್ತು ನಿಲ್ಲುತ್ತದೆ, ಅಲೆಯೂ ಬಡಿಯುತ್ತದೆ.

ಒಳ್ಳೆಯ ಕೆಲಸ ಹೇಗಿರುತ್ತದೆ? ಇಂಡೊನೇಷ್ಯಾದ ದಕ್ಷಿಣ ಸುಲವೆಸಿಯ ತನಕೆಕೆ ದ್ವೀಪದಲ್ಲಿ ಪಾಳುಬಿದ್ದ ಮೀನು, ಸೀಗಡಿ ಹೊಂಡಗಳ ಏರಿ ಒಡೆದು ಉಬ್ಬರದ ನೀರಿಗೆ ಹಳೆಯ ದಾರಿ ಬಿಟ್ಟುಕೊಟ್ಟರು. ನೀರಿನ ಜೊತೆ ತೇಲಿ ಬಂದ ಬೀಜಗಳು ತಾವಾಗಿಯೇ ಬೇರೂರಿದವು. ಜಾವಾದ ದೆಮಾಕ್‌ನಲ್ಲಿ ರೆಂಬೆಕೊಂಬೆಗಳ ಬೇಲಿ ಕಟ್ಟಿ ಅಲೆಯ ರಭಸ ತಗ್ಗಿಸಿ, ಮೊದಲು ಹೂಳು ಕೂಡುವಂತೆ ಮಾಡಿದರು. ಕೆನ್ಯಾದ ಗಾಜಿ ಕೊಲ್ಲಿಯಲ್ಲಿ ‘ಮಿಕೊಕೊ ಪಮೋಜಾ’ ಯೋಜನೆಯಡಿ ಊರಿನವರೇ ಕಾಡು ಕಾಯುತ್ತಾರೆ. ಕಾಡು ಹೀರಿಕೊಂಡ ಇಂಗಾಲದ ಲೆಕ್ಕದಲ್ಲಿ ಸಿಗುವ ಕಾರ್ಬನ್ ಕ್ರೆಡಿಟ್ ಮಾರಿ ಬಂದ ಹಣ ಶಾಲೆಗೆ, ಕುಡಿಯುವ ನೀರಿಗೆ ಹೋಗುತ್ತದೆ.

ಹಾಗಾಗಿ ಆಯೋಜಕರಿಗೆ ಬರೆಯುವಾಗ ನೇರವಾಗಿ ಕೇಳಿ: ಇಲ್ಲಿ ಮೊದಲು ಕಾಡಿತ್ತೇ, ಹಾಳಾದದ್ದು ಯಾಕೆ? ಭೂಮಿ ಯಾರದು? ಮೂರು ವರ್ಷದ ಹಿಂದೆ ನೆಟ್ಟದ್ದರಲ್ಲಿ ಎಷ್ಟು ಉಳಿದಿದೆ? ನಾನು ಕೊಡುವ ಹಣದಲ್ಲಿ ಊರಿನವರ ಕೂಲಿಗೆ ಎಷ್ಟು? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಆ ಯೋಜನೆಯನ್ನು ಕೈಬಿಡಿ.

ಕಾಗದಪತ್ರ

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿಯಿರಲಿ. ವೀಸಾ ವಿಷಯದಲ್ಲಿ ‘ಪ್ರವಾಸಿ ವೀಸಾ ಸಾಕು’ ಎಂಬ ಬಾಯಿಮಾತು ನಂಬಬೇಡಿ. ಸಂಬಳವಿಲ್ಲದಿದ್ದರೂ ಕೆಲಸ ಕೆಲಸವೇ ಎನ್ನುವ ದೇಶಗಳಿವೆ. ಥಾಯ್ಲೆಂಡ್ ಅವುಗಳಲ್ಲೊಂದು. ಯಾವ ವೀಸಾ ಬೇಕೆಂದು ರಾಯಭಾರ ಕಚೇರಿಯಿಂದಲೇ ಲಿಖಿತವಾಗಿ ತಿಳಿದುಕೊಳ್ಳಿ.

ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಮರೆಯಲೇಬಾರದು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ 10 ದಿನಗಳ ನಂತರ. ಅದಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಇರಲಿ.

ಅಲ್ಲಿ ಮಾಡುವುದೇನು

ಅಲ್ಲಿ ದಿನಚರಿ ಗಡಿಯಾರದ್ದಲ್ಲ, ಉಬ್ಬರ ಇಳಿತದ್ದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ. ಇವತ್ತು ಬೆಳಗ್ಗೆ ಆರಕ್ಕೆ ಕೆಸರಿಗಿಳಿದವರು ವಾರದ ನಂತರ ನಡುಮಧ್ಯಾಹ್ನ ಇಳಿಯಬೇಕಾಗಬಹುದು.

ರೈಜೊಫೋರಾ ಜಾತಿಯ ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬೀಳುತ್ತದೆ. ಹಣ್ಣಾಗಿ ತಾನಾಗಿ ಕಳಚಿದ್ದನ್ನೇ ಆರಿಸಬೇಕು, ಕಿತ್ತದ್ದು ಬೇಡ. ಹುಳು ಕೊರೆದ ತೂತಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ, ಚೂಪಾದ ತುದಿ ಕೆಳಗಾಗಿ ಮೂರನೆಯ ಒಂದು ಭಾಗದಷ್ಟು ಕೆಸರಿಗೆ ಊರಬೇಕು. ತಲೆಕೆಳಗಾಗಿ ಊರುವ ಹೊಸಬರು ಪ್ರತಿ ತಂಡದಲ್ಲೂ ಸಿಗುತ್ತಾರಂತೆ. ಭತ್ತದ ನಾಟಿ ಬಲ್ಲವರ ಕೈ ಇಲ್ಲಿ ಬೇಗ ಕುದುರುತ್ತದೆ. ಆದರೆ ಹಗ್ಗ ಹಿಡಿದು ಸಾಲು ನೇರ ಮಾಡುವ ಹಟ ಬಿಡಬೇಕು, ಕಾಡಿಗೆ ಸಾಲು ಬೇಕಿಲ್ಲ.

ಬಹುಪಾಲು ದಿನ ನೆಡುವ ಕೆಲಸವೇ ಇರುವುದಿಲ್ಲ. ಸನಿಕೆಯಿಂದ ಮುಚ್ಚಿಹೋದ ಕಾಲುವೆ ಬಿಡಿಸುವುದು, ನರ್ಸರಿ ಚೀಲಗಳಿಗೆ ಕೆಸರು ತುಂಬುವುದು, ಗುರುತು ಹಾಕಿದ ಚೌಕದೊಳಗೆ ಬದುಕಿದ ಸಸಿ ಎಣಿಸಿ ಎತ್ತರ ಬರೆದುಕೊಳ್ಳುವುದು. ಬೇಸರದ ಈ ಎಣಿಕೆಯೇ ಯೋಜನೆಗೆ ಹೆಚ್ಚು ಉಪಯೋಗದ್ದು. ಕೆಸರಿನಿಂದ ಮೇಲೆ ಚಾಚಿರುವ ಉಸಿರುಬೇರುಗಳನ್ನು ತುಳಿಯಬೇಡಿ, ಮರ ಉಸಿರಾಡುವುದು ಅವುಗಳಿಂದಲೇ. ಚಪ್ಪಲಿ ಕೆಸರಿನಲ್ಲೇ ಉಳಿದುಬಿಡುತ್ತದೆ, ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ. ಹಳೆಯ ಕ್ಯಾನ್ವಾಸ್ ಬೂಟಿಗೆ ಲೇಸು ಬಿಗಿದು ಹೋಗಿ. ಉದ್ದ ತೋಳಿನ ಹತ್ತಿ ಅಂಗಿ, ಟೋಪಿ, ಓಆರ್‌ಎಸ್ ಪೊಟ್ಟಣ ಜೊತೆಗಿರಲಿ.

ಎರಡು ವಾರಕ್ಕಿಂತ ಕಡಿಮೆ ಅವಧಿಯಿದ್ದರೆ ವಿದೇಶಕ್ಕೆ ಹೋಗದಿರುವುದೇ ಲೇಸು. ಕೆಲಸ ಕಲಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಆ ವಿಮಾನದ ಹಣದಲ್ಲಿ ಅಘನಾಶಿನಿಗೆ ಎಷ್ಟೋ ಸಲ ಹೋಗಿಬರಬಹುದು.