ಕೌದಿ ಹೊಲಿಯುವ ಮುನ್ನ ಬಟ್ಟೆಯ ಆಯ್ಕೆ

ಕಲಬುರಗಿಯ ನಮ್ಮ ಓಣಿಯಲ್ಲಿ ಕೌದಿ (ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಹಾಸಿಗೆ-ಹೊದಿಕೆ) ಹೊಲಿಗೆಯನ್ನು ಯಾರೂ ತರಗತಿಗೆ ಹೋಗಿ ಕಲಿತವರಲ್ಲ; ನನಗೂ ಅದು ಆಯಿಯಿಂದ ಮತ್ತು ಪಕ್ಕದ ಮನೆಯ ಹಿರಿಯರಿಂದ ಬಂದದ್ದು, ಇಂದಿಗೂ ಆ ಕೆಲಸದಷ್ಟು ಪ್ರೀತಿ ನನಗೆ ಬೇರೊಂದರಲ್ಲಿಲ್ಲ. ಹೊಸದಾಗಿ ಆರಂಭಿಸುವವರು ಮೊದಲು ಬಟ್ಟೆಯ ಕಡೆಗೆ ಗಮನ ಕೊಡಬೇಕೆಂದು ವಿನಂತಿಸುತ್ತೇನೆ.

ಹಲವು ಸಲ ಒಗೆದು ಮೆತ್ತಗಾದ ಹತ್ತಿ ಸೀರೆ, ಧೋತರಗಳೇ ಕೌದಿಗೆ ಉತ್ತಮ. ಒಳಪದರಕ್ಕೆ ಬಳಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆಗಳು ಸವೆದು ಜಾಳಾಗಿರುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಮೇಲ್ಪದರಕ್ಕೆ ಹೊಸ ಹತ್ತಿ ಬಟ್ಟೆ ಸೇರಿಸುವುದಾದರೆ ಅದನ್ನು ಮೊದಲೇ ನೆನೆಸಿ ಒಣಗಿಸಲೇಬೇಕು, ಏಕೆಂದರೆ ಹಳೆಯ ಬಟ್ಟೆ ಈಗಾಗಲೇ ಕುಗ್ಗಿರುತ್ತದೆ, ಹೊಸದು ಹೊಲಿದ ನಂತರ ಕುಗ್ಗಿ ಇಡೀ ಕೌದಿಯನ್ನು ಸುಕ್ಕುಗಟ್ಟಿಸುತ್ತದೆ. ಕೆಂಪು, ನೀಲಿಯಂಥ ಗಾಢ ಬಣ್ಣದ ತುಂಡನ್ನು ಒದ್ದೆಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯುತ್ತದೆ. ಪಾಲಿಯೆಸ್ಟರ್ ಸೀರೆಗಳನ್ನು ನಾನು ಸೇರಿಸುವುದಿಲ್ಲ. ಅವು ಬೆವರು ಹೀರುವುದಿಲ್ಲ, ನಮ್ಮ ಬೇಸಿಗೆ 40 ಡಿಗ್ರಿ ದಾಟುವಾಗ ಅಂಥ ಕೌದಿಯ ಮೇಲೆ ಮಲಗುವುದು ಕಷ್ಟ.

ಪದರಗಳನ್ನು ನೆಲದ ಮೇಲೆ ಎಳೆದು ಹಾಸಿ, ನಾಲ್ಕು ಮೂಲೆಗೂ ಭಾರವಿಟ್ಟು, ಉದ್ದ ಅಂತರದ ಕಚ್ಚಾ ಹೊಲಿಗೆಯಿಂದ ಹಿಡಿಸಿಕೊಳ್ಳಿ. ಬಳಿಕ ಅಂಚಿನಿಂದ ಒಳಕ್ಕೆ, ಸಾಲಿನಿಂದ ಸಾಲಿಗೆ ಬೆರಳಗಲ ಬಿಟ್ಟು, ಸುತ್ತುಸುತ್ತಾಗಿ ಹೊಲಿಯುತ್ತ ಬನ್ನಿ. ದಾರವನ್ನು ಮೊಳಕ್ಕಿಂತ ಬಹಳ ಉದ್ದ ತೆಗೆದುಕೊಳ್ಳಬೇಡಿ, ಗಂಟು ಬೀಳುತ್ತದೆ. ಒಮ್ಮೆ ಮೇಣಕ್ಕೆ ಉಜ್ಜಿಕೊಂಡರೆ ದಪ್ಪ ಪದರದಲ್ಲೂ ಸರಾಗವಾಗಿ ಸಾಗುತ್ತದೆ. ಕಚ್ಚಾ ಹೊಲಿಗೆಯನ್ನು ಇಡೀ ಕೌದಿ ಮುಗಿದ ಮೇಲೆಯೇ ಬಿಚ್ಚಿರಿ.